ದಡಕ್ಕೆ ಮರಳುವ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಡಿಯೇಗೊ ನಗರದ ಉತ್ತರ ಭಾಗದಲ್ಲಿ ಲಾ ಹೋಯಾ ಶೋರ್ಸ್ ಎಂಬ ಮರಳ ದಂಡೆಯಿದೆ. ಅಲ್ಲಿ ಅಲೆ ಸಣ್ಣದು. ಅದೇ ದಂಡೆಯನ್ನು ಹಿಡಿದು ಉತ್ತರಕ್ಕೆ ನಡೆಯುತ್ತ ಹೋದರೆ ಬ್ಲ್ಯಾಕ್ಸ್ ಬೀಚ್ ಸಿಗುತ್ತದೆ. ಅಲ್ಲಿ ಅದೇ ದಿನ, ಅದೇ ಹೊತ್ತಿನಲ್ಲಿ ಆಳೆತ್ತರದ ಅಲೆ ಮುರಿಯುತ್ತಿರುತ್ತದೆ. ಕಡಲು ಒಂದೇ, ಗಾಳಿಯೂ ಒಂದೇ. ವ್ಯತ್ಯಾಸ ಇರುವುದು ನೀರಿನ ಅಡಿಯಲ್ಲಿ. ಶೋರ್ಸ್ ದಂಡೆಯ ಎದುರಿಗೆ, ದಡಕ್ಕೆ ತೀರ ಹತ್ತಿರದಿಂದಲೇ ಕಡಲತಳದ ಆಳ ಕಣಿವೆಯೊಂದು ಶುರುವಾಗುತ್ತದೆ. ಆಳ ನೀರಿನಲ್ಲಿ ಅಲೆ ಬೇಗ ಓಡುತ್ತದೆ, ಆಳವಿಲ್ಲದ ನೀರಿನಲ್ಲಿ ನಿಧಾನವಾಗುತ್ತದೆ. ಹಾಗಾಗಿ ಕಣಿವೆಯ ಮೇಲೆ ಬಂದ ಅಲೆ ಎರಡೂ ಬದಿಗೆ ಬಾಗಿ ತನ್ನ ಬಲವನ್ನು ಹಂಚಿಬಿಡುತ್ತದೆ. ಆ ಬಲ ಬೇರೆ ಕಡೆ ಹೋಗಿ ಸೇರಿಕೊಂಡಲ್ಲಿ ದೊಡ್ಡ ಅಲೆ ಏಳುತ್ತದೆ. ವಾಲ್ಟರ್ ಮಂಕ್ ಎಂಬ ಕಡಲ ವಿಜ್ಞಾನಿ, ಟ್ರೇಲರ್ ಎಂಬ ಸಹೋದ್ಯೋಗಿಯ ಜೊತೆ ಸೇರಿ 1947ರಲ್ಲೇ ಈ ಬಾಗುವಿಕೆಯನ್ನು ಲೆಕ್ಕಹಾಕಿ ಬರೆದಿಟ್ಟರು. ಅವರು ಕೆಲಸ ಮಾಡಿದ ಸ್ಕ್ರಿಪ್ಸ್ ಎಂಬ ಕಡಲ ಸಂಶೋಧನಾ ಸಂಸ್ಥೆ ಇರುವುದು ಈ ಎರಡು ದಂಡೆಗಳ ನಡುವೆಯೇ.

ಕಯಾಕ್ ಎಂಬ, ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿಯಲ್ಲಿ ಕಡಲಿಗೆ ಹೋಗಿ ಗಾಳ ಹಾಕುವವರು ಕತ್ತಲಿರುವಾಗಲೇ ಶೋರ್ಸ್ ದಂಡೆಗೆ ಬಂದು ಸೇರುವುದು ಈ ಕಣಿವೆಯ ದೆಸೆಯಿಂದ. ಅವೆನಿಡಾ ದೆ ಲಾ ಪ್ಲಾಯಾ ಎಂಬ ರಸ್ತೆ ನೇರವಾಗಿ ಮರಳಿಗೇ ಇಳಿಯುತ್ತದೆ. ಅಲ್ಲಿ ಕಯಾಕ್ ಇಳಿಸಿ, ಸಣ್ಣ ಗಾಲಿಗಳ ಮೇಲೆ ಎಳೆದುಕೊಂಡು ಹೋಗಿ, ನೀರಿನ ಅಂಚಿನಲ್ಲಿ ನಿಲ್ಲುತ್ತೇವೆ. ನಿಂತು ನೋಡುತ್ತೇವೆ. ಹೊಸಬರಿಗೆ ಈ ನಿಲ್ಲುವುದು ಹೊತ್ತು ಕಳೆಯುವಂತೆ ಕಾಣುತ್ತದೆ. ನನಗೆ ಮೀನುಗಾರಿಕೆಯ ಬಹುಪಾಲು ಇರುವುದೇ ಇಲ್ಲಿ.

ಕಯಾಕ್ ಮೀನುಗಾರಿಕೆಯ ಬಗ್ಗೆ ಮಾತು ಬಂದಾಗ ಜನ ಮೀನಿನ ತೂಕ ಕೇಳುತ್ತಾರೆ, ಶಾರ್ಕ್ ಬಗ್ಗೆ ಕೇಳುತ್ತಾರೆ, ಧೈರ್ಯದ ಬಗ್ಗೆ ಮಾತಾಡುತ್ತಾರೆ. ಇಷ್ಟು ವರ್ಷ ಹೋಗಿಬಂದ ಮೇಲೆ ನನಗೆ ಅನ್ನಿಸುವುದು ಬೇರೆ. ಹೋಗುವುದಕ್ಕೆ ತೋಳು ಸಾಕು. ಈ ವಿದ್ಯೆಯಲ್ಲಿ ಕಲಿಯಲಿಕ್ಕಿರುವ ಉಳಿದದ್ದೆಲ್ಲ ತಿರುಗಿ ಬರುವುದಕ್ಕೆ ಸಂಬಂಧಪಟ್ಟದ್ದು. ಗಾಳಿ ಮಧ್ಯಾಹ್ನ ಯಾವ ಕಡೆ ತಿರುಗುತ್ತದೆ, ನೀರು ಎಷ್ಟು ತಣ್ಣಗಿದೆ, ಮಗುಚಿದರೆ ಹತ್ತುವುದು ಹೇಗೆ, ಹಿಡಿದ ಮೀನಿನ ಭಾರ ಹೊತ್ತು ಅಲೆ ದಾಟುವುದು ಹೇಗೆ, ಬೇಡದ ಮೀನನ್ನು ಜೀವಸಹಿತ ಅದರ ಜಾಗಕ್ಕೆ ಕಳಿಸುವುದು ಹೇಗೆ. ಕುಮಟೆಯಲ್ಲಿರುವ ನನ್ನ ಆಯಿ ಫೋನಿನಲ್ಲಿ ಮೊದಲು ಕೇಳುವುದೂ ಅದನ್ನೇ. "ದಡಕ್ಕೆ ಬಂದ್ಯನೋ?" ಮೀನಿನ ಮಾತು ಆಮೇಲೆ.

ಲೆಕ್ಕ ಶುರುವಾಗುವುದು ಹಿಂದಿನ ರಾತ್ರಿ. ಕ್ಯಾಲಿಫೋರ್ನಿಯಾ ಕರಾವಳಿಯ ಉದ್ದಕ್ಕೂ ತೇಲುಬುರುಡೆಗಳನ್ನು ಕಟ್ಟಿ ಅಲೆ ಅಳೆಯುವ ಯೋಜನೆಯೊಂದು 1975ರಿಂದ ಸ್ಕ್ರಿಪ್ಸ್‌ನಲ್ಲಿ ನಡೆಯುತ್ತಿದೆ. ಅದರ ಅಂಕಿಗಳು ಎಲ್ಲರಿಗೂ ತೆರೆದಿವೆ. ಹೊಸಬರು ಅಲ್ಲಿ ಅಲೆಯ ಎತ್ತರ ನೋಡುತ್ತಾರೆ. ಪಳಗಿದವರು ಎರಡು ಅಲೆಗಳ ನಡುವಿನ ಅವಧಿ ನೋಡುತ್ತಾರೆ. ಒಂದು ಮೀಟರ್ ಎತ್ತರದ ಅಲೆ ಏಳು ಸೆಕೆಂಡಿಗೊಮ್ಮೆ ಬಂದರೆ ಅದು ಹತ್ತಿರದ ಗಾಳಿ ಎಬ್ಬಿಸಿದ್ದು. ಮೈ ನೆನೆಸುತ್ತದೆ, ಅಷ್ಟೆ. ಅದೇ ಒಂದು ಮೀಟರ್ ಹದಿನಾರು ಸೆಕೆಂಡಿಗೊಮ್ಮೆ ಬಂದರೆ ಹಿಂದೆ ದೂರದ ದೊಡ್ಡ ಬಿರುಗಾಳಿಯೊಂದಿದೆ ಎಂದರ್ಥ. ಆಳ ಕಡಲಲ್ಲಿ ಅದು ಕಯಾಕ್ ಅನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ದಡದ ಆಳವಿಲ್ಲದ ನೀರಿಗೆ ಬಂದಾಗ ಎದ್ದು ನಿಲ್ಲುತ್ತದೆ.

ಬೇಸಿಗೆಯಲ್ಲಿ ಇಲ್ಲಿಗೆ ಬರುವ ಅಂಥ ಅಲೆಗಳು ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರದಲ್ಲಿ ಹುಟ್ಟಿದಂಥವು. ಹದಿನಾರು ಸೆಕೆಂಡಿನ ಅಲೆಗಳ ಗುಂಪು ಆಳ ನೀರಿನಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹತ್ತು ಸಾವಿರ ಕಿಲೋಮೀಟರ್ ದಾಟಲು ಒಂಬತ್ತು ಹತ್ತು ದಿನ ಬೇಕು. ಮಂಕ್ ಮತ್ತು ಅವರ ತಂಡ 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಸಾಲಾಗಿ ಅಳೆಯುವ ಠಾಣೆಗಳನ್ನು ಇಟ್ಟು, ದಕ್ಷಿಣದ ಬಿರುಗಾಳಿಯ ಅಲೆಗಳು ಇಡೀ ಪೆಸಿಫಿಕ್ ಸಾಗರವನ್ನು ದಾಟಿ ಬರುವುದನ್ನು ತೋರಿಸಿದರು. ನಾನು ಶನಿವಾರ ಮುಂಜಾನೆ ನೀರಿಗಿಳಿಯಬಹುದೋ ಇಲ್ಲವೋ ಎಂಬುದನ್ನು ಹಿಂದಿನ ವಾರ ಭೂಮಿಯ ತುದಿಯಲ್ಲಿ ಬೀಸಿದ ಗಾಳಿ ತೀರ್ಮಾನ ಮಾಡಿರುತ್ತದೆ. ಇದನ್ನು ತಿಳಿದುಕೊಂಡ ದಿನ ಕಡಲಿನ ಮೇಲಿನ ನನ್ನ ಗೌರವ ದುಪ್ಪಟ್ಟಾಯಿತು.

ಇದು ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ. ಮಳೆಗಾಲಕ್ಕೆ ಮುಂಚೆ, ಆಕಾಶ ಶುಭ್ರವಾಗಿ ಗಾಳಿಯೇ ಇಲ್ಲದ ದಿನ, ಕಡಲು ಇದ್ದಕ್ಕಿದ್ದಂತೆ ಉಕ್ಕಿ ಮನೆಯಂಗಳಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಅದರ ಮೂಲವೂ ಅದೇ ದಕ್ಷಿಣ ಸಾಗರದ ಬಿರುಗಾಳಿಗಳು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಈಗ ಅದರ ಮುನ್ಸೂಚನೆ ಕೊಡುತ್ತದೆ. ಆಕಾಶ ನೋಡಿ ಕಡಲನ್ನು ನಂಬಬಾರದೆಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದುದರ ಹಿಂದೆ ಇದೇ ಅನುಭವ ಇದ್ದಿರಬೇಕು.

ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಹೆಚ್ಚಿನ ದಿನ ಇಲ್ಲಿ ಬೆಳಿಗ್ಗೆ ಗಾಳಿ ಇರುವುದಿಲ್ಲ; ನೆಲ ಕಾದಂತೆ ಹನ್ನೊಂದು ಹನ್ನೆರಡರ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ. ನೀರು ಒರಟಾಗುತ್ತದಾದರೂ ಆ ಗಾಳಿ ದಣಿದವನನ್ನು ದಡದ ಕಡೆಗೇ ತಳ್ಳುತ್ತದೆ. ನನಗೆ ಭಯವಿರುವುದು ಶರತ್ಕಾಲದಿಂದ ಚಳಿಗಾಲದವರೆಗೆ ಬೀಸುವ ಸಾಂಟಾ ಆನಾ ಗಾಳಿಯದ್ದು. ಮರುಭೂಮಿಯ ಕಡೆಯಿಂದ ಇಳಿದು ಬರುವ ಒಣಗಾಳಿ ಅದು, ನೆಲದಿಂದ ಕಡಲಿಗೆ ಬೀಸುತ್ತದೆ. ದಡದಲ್ಲಿ ನಿಂತವರಿಗೆ ನೀರು ಕನ್ನಡಿಯಷ್ಟು ನಯವಾಗಿ ಕಾಣುತ್ತದೆ, ಏಕೆಂದರೆ ಗುಡ್ಡದ ಮರೆಯಲ್ಲಿ ಅಲೆ ಏಳಲು ಜಾಗವೇ ಇಲ್ಲ. ಎರಡು ಕಿಲೋಮೀಟರ್ ಆಚೆ ಹೋದ ಮೇಲೆ ಹುಟ್ಟು ಹಾಕಿದರೂ ಕಯಾಕ್ ನಿಂತಲ್ಲೇ ನಿಲ್ಲುತ್ತದೆ, ಹುಟ್ಟು ನಿಲ್ಲಿಸಿದರೆ ಮೆಕ್ಸಿಕೋದ ದಿಕ್ಕಿಗೋ ಹವಾಯಿಯ ದಿಕ್ಕಿಗೋ ಸಾಗುತ್ತದೆ. ಹೊರಡುವುದು ಸುಲಭವಾದ ದಿನ ಇನ್ನೊಮ್ಮೆ ಯೋಚಿಸಬೇಕೆಂದು ಇಲ್ಲಿನ ಹಳಬರು ಹೊಸಬರಿಗೆ ಹೇಳುವುದು ಇದಕ್ಕೇ.

ನೀರಿಗಿಳಿದ ಮೇಲೆ ಮೊದಲ ಕೆಲಸ ಗಾಳ ಹಾಕದೇ ಇರುವುದು. ದಂಡೆಯ ಎದುರಿನ ನೀರು ಮಾಟ್ಲಹುಯಾಯಲ್ ಎಂಬ ಸಂರಕ್ಷಿತ ಪ್ರದೇಶ. ಇಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಜನರ ಭಾಷೆಯ ಹೆಸರು ಅದು. 2012ರ ಜನವರಿ 1ರಿಂದ ಅಲ್ಲಿ ಒಂದು ಸೀಗಡಿಯನ್ನೂ ಹಿಡಿಯುವಂತಿಲ್ಲ. ದಾರವನ್ನು ನೀರಿನಿಂದ ಮೇಲಿಟ್ಟುಕೊಂಡು ಅದನ್ನು ದಾಟಿ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿನ ಬೆಚ್ಚಗಿನ, ಆಳವಿಲ್ಲದ ನೀರಿಗೆ ಗರ್ಭಿಣಿ ಚಿರತೆ ಶಾರ್ಕ್‌ಗಳು ಬಂದು ಸೇರುತ್ತವೆ. ಮೈಮೇಲೆ ಚುಕ್ಕೆಪಟ್ಟೆ ಇರುವ, ಮನುಷ್ಯರಿಗೆ ಏನೂ ಮಾಡದ ಜೀವಿಗಳು. ಕಯಾಕ್‌ನಿಂದ ಬಗ್ಗಿ ನೋಡಿದರೆ ಅವು ಮರಳ ಮೇಲೆ ಸಾಲಾಗಿ ತಿರುಗುವುದು ಕಾಣುತ್ತದೆ. ಗಾಳ ಹಿಡಿದವರಲ್ಲಿ ಈ ನಿಷೇಧದ ಬಗ್ಗೆ ಗೊಣಗುವವರಿದ್ದಾರೆ. ನಾನು ಅದರ ಪರ. ಬಲೆಯಾಗಲಿ ಗಾಳವಾಗಲಿ ತಲುಪದ ಜಾಗ ಕಡಲಿನಲ್ಲಿ ಒಂದಿಷ್ಟಾದರೂ ಇರಬೇಕು.

ಅದನ್ನು ದಾಟಿದರೆ ಕೆಲ್ಪ್ ಕಾಡು. ಹತ್ತಿಪ್ಪತ್ತು ಮೀಟರ್ ಆಳದ ಬಂಡೆಗೆ ಬೇರೂರಿ ಮೇಲ್ಮೈವರೆಗೆ ಬೆಳೆದು ಹಾಸಿಕೊಳ್ಳುವ ಕಂದು ಪಾಚಿ ಅದು. ಹದವಾದ ತಣ್ಣೀರು ಸಿಕ್ಕರೆ ದಿನಕ್ಕೆ ಅರ್ಧ ಮೀಟರ್ ಬೆಳೆಯಬಲ್ಲದು. ವಸಂತದಲ್ಲಿ ವಾಯವ್ಯದ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ಸರಿಸಿದಾಗ ಆಳದ ತಣ್ಣೀರು ಮೇಲೆದ್ದು ಬರುತ್ತದೆ, ತಳದ ಸತ್ವವನ್ನೆಲ್ಲ ಹೊತ್ತು ತರುತ್ತದೆ. ಕೆಲ್ಪ್, ಸಣ್ಣ ಮೀನು, ಅದನ್ನು ತಿನ್ನುವ ದೊಡ್ಡ ಮೀನು ಎಲ್ಲದರ ಬದುಕು ಅದರ ಮೇಲೆ ನಿಂತಿದೆ. ಕಡಲೊಳಕ್ಕೆ ಚಾಚಿದ ಸ್ಕ್ರಿಪ್ಸ್ ಸೇತುವೆಯ ತುದಿಯಲ್ಲಿ 1916ರಿಂದ ದಿನಾ ನೀರಿನ ಉಷ್ಣತೆ ಅಳೆದು ಬರೆಯುತ್ತಿದ್ದಾರೆ. 2018ರ ಆಗಸ್ಟ್‌ನಲ್ಲಿ ಅದು 25 ಡಿಗ್ರಿ ದಾಟಿ, ನೂರು ವರ್ಷದ ದಾಖಲೆ ಮುರಿಯಿತು. ಬಿಸಿನೀರು ನಿಂತ ವರ್ಷ ಕೆಲ್ಪ್ ಸೊರಗುತ್ತದೆ.

ಇಲ್ಲಿ ಎಲ್ಲರೂ ಬಯಸುವ ಮೀನು ಯೆಲ್ಲೋಟೇಲ್. ಬೆನ್ನು ನೀಲಿ-ಹಸಿರು, ಪಕ್ಕಕ್ಕೆ ಹಳದಿ ಗೆರೆ, ಬಾಲ ಹಳದಿ. ಅದಕ್ಕೆ ಎರೆ ಮ್ಯಾಕೆರೆಲ್. ಸಣ್ಣ ಗಾಳಗಳ ಮಾಲೆ ಇಳಿಸಿ ಮೊದಲು ಮ್ಯಾಕೆರೆಲ್ ಹಿಡಿಯಬೇಕು, ನೀರು ತಿರುಗುವ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳಬೇಕು, ಆಮೇಲೆ ಒಂದೊಂದನ್ನೇ ಗಾಳಕ್ಕೆ ಕಟ್ಟಿ ನಿಧಾನ ಎಳೆಯುತ್ತ ಕೆಲ್ಪಿನ ಅಂಚು ಹಿಡಿದು ಹೋಗಬೇಕು. ಆ ಮ್ಯಾಕೆರೆಲ್ ನಮ್ಮ ಬಂಗಡೆಯ ನೆಂಟ. ಇಬ್ಬರದೂ ಒಂದೇ ಕುಟುಂಬ. ಬೆನ್ನ ಮೇಲಿನ ಗೆರೆ ನೋಡಿದರೇ ಗೊತ್ತಾಗುತ್ತದೆ. ಇಲ್ಲಿ ಅದನ್ನು ಎರೆ ಎಂದಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ನನಗೆ ಹಾಗಾಗುವುದಿಲ್ಲ. ದೊಡ್ಡ ಮೀನು ಸಿಗದ ದಿನ ಉಳಿದ ಮ್ಯಾಕೆರೆಲ್ ಮನೆಗೆ ತಂದು ಜುಮ್ಮನಕಾಯಿ ಹಾಕಿ ಸಾರು ಮಾಡುತ್ತೇನೆ. ಬಂಗಡೆಯದೇ ರುಚಿಯಲ್ಲ, ಆದರೆ ಆ ದಿನ ಬರಿಗೈಲಿ ಬಂದೆ ಎಂದು ಒಮ್ಮೆಯೂ ಅನ್ನಿಸಿಲ್ಲ.

ಯೆಲ್ಲೋಟೇಲ್ ಕಚ್ಚಿದಾಗ ಆಗುವುದನ್ನು ದೊಡ್ಡ ದೋಣಿಯಲ್ಲಿ ಕುಳಿತವರು ಅನುಭವಿಸಲಾರರು. ದೊಡ್ಡ ದೋಣಿಯಲ್ಲಿ ಮೀನು ರೀಲಿನಿಂದ ದಾರ ಎಳೆಯುತ್ತದೆ. ಕಯಾಕ್‌ನಲ್ಲಿ ಅದು ದಾರದ ಜೊತೆ ನಿಮ್ಮನ್ನೂ ಎಳೆಯುತ್ತದೆ. ಹಗ್ಗ ಬಿಗಿದ ಹೋರಿಗರುವಿನ ಹಿಂದೆ ಓಡುವ ಹುಡುಗನ ಪಾಡು. ಕಯಾಕ್ ಮೂತಿ ಮೀನಿನ ಕಡೆ ತಿರುಗುತ್ತದೆ, ಕಯಾಕ್ ನೀರು ಸೀಳುತ್ತ ಓಡುತ್ತದೆ, ಮೀನು ಕೆಲ್ಪಿನ ಕಡೆಗೇ ಹೋಗುತ್ತದೆ, ಏಕೆಂದರೆ ಅಲ್ಲಿ ಸುತ್ತಿಕೊಂಡರೆ ದಾರ ಹರಿಯುತ್ತದೆಂದು ಅದಕ್ಕೆ ಗೊತ್ತು. ಬದಿಗೆ ಎಳೆಯಲು ಬಿಟ್ಟರೆ ಮಗುಚುವ ಸಂಭವ ಹೆಚ್ಚು. ಆದ್ದರಿಂದ ಕೋಲನ್ನು ಸದಾ ಮೂತಿಯ ಕಡೆ ಇಟ್ಟುಕೊಳ್ಳಬೇಕು. ಕಯಾಕ್ ಹಗುರ ಇರುವುದೇ ಇಲ್ಲಿ ಅನುಕೂಲ. ಅದು ಎಳೆತಕ್ಕೆ ಬಗ್ಗುತ್ತದೆ, ದಾರ ತುಂಡಾಗುವುದು ಕಡಿಮೆ, ಕಡಲನ್ನೆಲ್ಲ ಎಳೆದು ಮೀನು ದಣಿಯುತ್ತದೆ. ಕೊನೆಗೆ ಪಕ್ಕದಲ್ಲಿ ಅದು ಒರಗಿ ತೇಲಿದಾಗ ನನ್ನ ಮೊಣಕಾಲಿಗೂ ಅದರ ಕಣ್ಣಿಗೂ ನಡುವೆ ಅಂತರವೇ ಇರುವುದಿಲ್ಲ. ಆ ಕ್ಷಣದಲ್ಲಿ ಅದನ್ನು ಒಯ್ಯುವುದೋ ಬಿಡುವುದೋ ಎಂದು ಮುಖ ನೋಡಿಯೇ ತೀರ್ಮಾನಿಸಬೇಕು. ನೂರು ಮೀನು ಒಟ್ಟಿಗೆ ಬಲೆಯಲ್ಲಿ ಮೇಲೆ ಬಂದಾಗ ಈ ಪ್ರಶ್ನೆ ಏಳುವುದೇ ಇಲ್ಲ. ಒಂದು ಒಯ್ದರೆ ನಮ್ಮ ಮನೆಗೂ ಎರಡು ಗೆಳೆಯರ ಮನೆಗೂ ಸಾಕಾಗುತ್ತದೆ. ಕಾನೂನು ಇನ್ನೂ ಹೆಚ್ಚು ಒಯ್ಯಲು ಬಿಡುತ್ತದೆ, ಕಯಾಕ್ ಬಿಡುವುದಿಲ್ಲ. ಭಾರ ಹೆಚ್ಚಾದಷ್ಟೂ ಅದು ಅಲೆಯಲ್ಲಿ ಮಾತು ಕೇಳುವುದಿಲ್ಲ.

ಕೆಲ್ಪಿನ ಆಚೆ, ಆಳದ ಬಂಡೆಗಳಲ್ಲಿ ರಾಕ್‌ಫಿಶ್ ಜಾತಿಗಳಿವೆ. ಕೆಂಪು, ಕಂದು, ಕಿತ್ತಳೆ ಬಣ್ಣದವು. ಇವು ಬೆಳೆಯುವುದು ತುಂಬ ನಿಧಾನ. ಕೆಲವು ಜಾತಿಗಳು ನೂರು ವರ್ಷ ದಾಟಿ ಬದುಕುತ್ತವೆ. ಅತಿಯಾಗಿ ಹಿಡಿದು 2000ದ ಹೊತ್ತಿಗೆ ಕೌಕಾಡ್ ಎಂಬ ಜಾತಿ ತೀರ ಕುಗ್ಗಿಹೋಗಿತ್ತು. ಕಟ್ಟುನಿಟ್ಟಿನ ನಿರ್ಬಂಧ ಹಾಕಿದ ಮೇಲೆ 2019ರಲ್ಲಿ ಅದು ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಈ ಮೀನುಗಳ ಗಾಳಿಚೀಲಕ್ಕೆ ಗಂಟಲಿಗೆ ತೆರೆದುಕೊಳ್ಳುವ ದಾರಿಯಿಲ್ಲ. ಕಡಲಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತ ಹೋಗುತ್ತದೆ. ನಲವತ್ತು ಮೀಟರ್ ಆಳದಿಂದ ರಾಕ್‌ಫಿಶ್ ಅನ್ನು ಸರಸರನೆ ಎಳೆದರೆ ಚೀಲ ಉಬ್ಬಿ, ಕಣ್ಣು ಹೊರಬಂದು, ಹೊಟ್ಟೆ ಬಾಯಿಗೆ ಬರುತ್ತದೆ. ಬೇಡವೆಂದು ನೀರಿಗೆ ಎಸೆದರೆ ಮುಳುಗಲಾರದೆ ಹೊಟ್ಟೆ ಮೇಲಾಗಿ ತೇಲುತ್ತದೆ, ಹಕ್ಕಿಗಳ ಪಾಲಾಗುತ್ತದೆ. ಎಸೆದವನು ಮೀನು ಬಿಟ್ಟೆ ಎಂದುಕೊಂಡಿರುತ್ತಾನೆ.

ಇದಕ್ಕೊಂದು ಸರಳ ಉಪಾಯವಿದೆ. ಮೀನಿನ ದವಡೆಗೆ ಒಂದು ಚಿಮುಟ ಸಿಕ್ಕಿಸಿ, ಅದಕ್ಕೆ ಭಾರ ಕಟ್ಟಿ, ದಾರದಲ್ಲಿ ಮತ್ತೆ ಆಳಕ್ಕೆ ಇಳಿಸುವುದು. ಇಳಿದಂತೆ ಒತ್ತಡ ಚೀಲವನ್ನು ಕುಗ್ಗಿಸುತ್ತದೆ, ಕಣ್ಣು ಒಳಸೇರುತ್ತದೆ. ನಿಗದಿ ಮಾಡಿದ ಆಳದಲ್ಲಿ ಚಿಮುಟ ತಾನಾಗಿ ಬಾಯಿ ಬಿಡುತ್ತದೆ. ದಾರದಲ್ಲಿ ಸಣ್ಣ ಜಗ್ಗು ಬರುತ್ತದೆ, ಆಮೇಲೆ ಬರೀ ಭಾರ ಉಳಿಯುತ್ತದೆ. ಹೀಗೆ ಇಳಿಸಿದ ಮೀನುಗಳಲ್ಲಿ ಹೆಚ್ಚಿನವು ಬದುಕುತ್ತವೆಂದು ಇಲ್ಲಿನ ಸಂಶೋಧಕರು ಗುರುತು ಕಟ್ಟಿ ನೋಡಿದ್ದಾರೆ. ಐದು ನಿಮಿಷದ ಕೆಲಸ. ಮೀನು ಹಿಡಿದದ್ದಕ್ಕಿಂತ ಆ ಜಗ್ಗು ನನಗೆ ಹೆಚ್ಚು ಸಂತೋಷ ಕೊಡುತ್ತದೆ.

ಮರಳುವಾಗ ದಡದ ಅಲೆ. ಮೀನುಗಾರರ ಕೋಲು, ರೀಲು ಹೆಚ್ಚು ಕಳೆದುಹೋಗುವುದು ಆಳ ಕಡಲಿನಲ್ಲಲ್ಲ, ಮರಳು ಕಾಣುವ ಕೊನೆಯ ಐವತ್ತು ಮೀಟರಿನಲ್ಲಿ. ಅಲೆ ಮುರಿಯುವ ಗೆರೆಯ ಹೊರಗೆ ನಿಂತು, ಎಲ್ಲವನ್ನೂ ಒಳಗಿಟ್ಟು ಕಟ್ಟಿ, ದೊಡ್ಡ ಅಲೆಗಳ ಗುಂಪು ಹೋಗುವವರೆಗೆ ಕಾಯಬೇಕು. ಕೊನೆಯ ದೊಡ್ಡ ಅಲೆಯ ಬೆನ್ನು ಹಿಡಿದು ಹುಟ್ಟು ಹಾಕಬೇಕು, ಅದರ ಮುಂದೆ ಹೋಗಬಾರದು. ಕಯಾಕ್ ಅಡ್ಡ ತಿರುಗಿದರೆ ಕಡಲಿನ ಕಡೆಗೇ ಹಾರಬೇಕು. ದಡಕ್ಕೂ ಕಯಾಕ್‌ಗೂ ನಡುವೆ ಮನುಷ್ಯ ಎಂದೂ ಸಿಕ್ಕಿಕೊಳ್ಳಬಾರದು. ನೀರು ತುಂಬಿದ ಕಯಾಕ್ ಅಲೆಯೊಡನೆ ಬಂದು ಬಡಿದರೆ ಮೂಳೆ ಮುರಿಯುತ್ತದೆ.

ತಣ್ಣೀರಿನ ವಿಷಯವನ್ನು ಉಷ್ಣವಲಯದಿಂದ ಬಂದ ನಮ್ಮವರು ಲಘುವಾಗಿ ಎಣಿಸುತ್ತಾರೆ, ಅದಕ್ಕೇ ಹೇಳುತ್ತೇನೆ. ಚಳಿಗಾಲದಲ್ಲಿ ಇಲ್ಲಿನ ನೀರು 14-15 ಡಿಗ್ರಿ. ಅದರಲ್ಲಿ ಬಿದ್ದ ಮೊದಲ ನಿಮಿಷ ಉಸಿರು ನಮ್ಮ ಹತೋಟಿಯಲ್ಲಿರುವುದಿಲ್ಲ. ಮುಖ ನೀರಿನೊಳಗಿದ್ದರೂ ದೇಹ ಉಸಿರೆಳೆಯುತ್ತದೆ. ಆಮೇಲೆ ಬೆರಳು ಸೋಲುತ್ತವೆ. ಮೈಯ ಕಾವು ಇಳಿದು ಪ್ರಾಣ ಹೋಗುವುದು ಎಷ್ಟೋ ಹೊತ್ತಿನ ಮೇಲಿನ ಮಾತು. ಹೆಚ್ಚಿನವರು ಅದಕ್ಕೂ ಮುಂಚೆ, ಈಜು ಬರುವವರೇ, ಮುಳುಗುತ್ತಾರೆ. ಆದ್ದರಿಂದ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಹಿಂದೆ ಅಲ್ಲ. ಬೆಚ್ಚನೆಯ ದಿನ, ಎದೆಮಟ್ಟದ ನೀರಿನಲ್ಲಿ, ಬೇಕೆಂದೇ ಮಗುಚಿ ಹತ್ತುವುದನ್ನು ಕೈಕಾಲಿಗೆ ಕಲಿಸಬೇಕು. ಕಾಲನ್ನು ಹಿಂದಕ್ಕೆ ಚಾಚಿ ಒದೆಯುತ್ತ ಎದೆಯನ್ನು ಅಡ್ಡಲಾಗಿ ಏರಿಸಿ, ಮಗ್ಗುಲಾಗಿ, ಆಮೇಲೆ ಕೂರುವುದು. ಇದು ಬಾರದವರು ಗಾಳ ಕೊಳ್ಳುವ ಅವಸರ ಮಾಡಬಾರದು.

ಒಳಗೆ ಇಳಿಯದೆ ಮೇಲೆಯೇ ಕೂರುವ ಇಂದಿನ ಪ್ಲಾಸ್ಟಿಕ್ ಕಯಾಕ್ ಹುಟ್ಟಿದ್ದೂ ಇದೇ ತೀರದಲ್ಲಿ. 1971ರಲ್ಲಿ ಮಾಲಿಬುವಿನಲ್ಲಿ ಟಿಮ್ ನೀಮಿಯರ್ ಎಂಬಾತ ಹಳೆಯ ಸರ್ಫ್ ಹಲಗೆಯನ್ನು ಕೊರೆದು ಮಾಡಿದ ದೋಣಿಯಿಂದ ಅದು ಶುರುವಾಯಿತು. 1997ರಲ್ಲಿ ಹೋಬಿ ಕಂಪನಿ ಕಾಲಿನಿಂದ ತುಳಿಯುವ ರೆಕ್ಕೆಗಳನ್ನು ಜೋಡಿಸಿದ ಮೇಲೆ ಕೈ ಎರಡೂ ಗಾಳಕ್ಕೆ ಬಿಡುವಾದವು. ಆದರೆ ಒಬ್ಬ ಮನುಷ್ಯನ ದೇಹದ ಅಳತೆಗೆ ಕಡಲ ದೋಣಿ ಮಾಡುವ ಯೋಚನೆ ಬಹಳ ಹಳೆಯದು. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನ ಬೇಟೆಗಾರನ ಮೈಯನ್ನೇ ಅಳತೆಗೋಲು ಮಾಡಿ ತೇಲಿಬಂದ ಮರದಿಂದ ಚೌಕಟ್ಟು ಕಟ್ಟುತ್ತಿದ್ದರು. ಹೆಂಗಸರು ಅದಕ್ಕೆ ಸೀಲ್ ಚರ್ಮವನ್ನು ನೀರು ಸೋರದಂತೆ ಹೊಲಿಯುತ್ತಿದ್ದರು. ಮಗುಚಿದರೆ ಒಳಗೇ ಕೂತು ಮತ್ತೆ ಮೇಲೇಳುವುದು ಅವರಿಗೆ ಬದುಕುವ ದಾರಿಯಾಗಿತ್ತು. ಕುಮೆಯಾಯ್ ಜನ ಜೊಂಡಿನ ಕಟ್ಟು ಕಟ್ಟಿ ಇದೇ ಕೊಲ್ಲಿಗಳಲ್ಲಿ ಮೀನು ಹಿಡಿದರು. ಸ್ವಲ್ಪ ಉತ್ತರದ ಚುಮಾಶ್ ಜನ ಹಲಗೆಗಳನ್ನು ಹಗ್ಗದಿಂದ ಹೊಲಿದು, ನೆಲದಿಂದ ಉಕ್ಕುವ ಡಾಂಬರಿನಿಂದ ಸಂದು ಮುಚ್ಚಿ, ದ್ವೀಪಗಳಿಗೆ ಹೋಗಿಬಂದರು.

ನಮ್ಮಲ್ಲಿ ಅದು ಪಾತಿದೋಣಿ. ಅಘನಾಶಿನಿಯ ಅಳಿವೆಯಲ್ಲಿ, ಶರಾವತಿಯ ಅಳಿವೆಯಲ್ಲಿ, ಒಬ್ಬರು ಇಬ್ಬರು ಕೂತು ಹುಟ್ಟು ಹಾಕುವ ದೋಣಿ. ಚಿಕ್ಕಂದಿನಲ್ಲಿ ನೋಡಿದ್ದೇನೆ, ನಸುಕಿನ ನೆಲಗಾಳಿ ಹಿಡಿದು ಹೊರಹೋಗಿ, ಹಗಲಿನ ಕಡಲಗಾಳಿ ಹಿಡಿದು ಅವರು ಮರಳುತ್ತಿದ್ದರು. ನಾನು ತೇಲುಬುರುಡೆಯ ಅಂಕಿ ನೋಡಿ ತಿಳಿಯುವುದನ್ನು ಅವರು ಅಳಿವೆಯ ಬಾಯಲ್ಲಿ ನೊರೆ ಮುರಿಯುವ ಸದ್ದಿನಲ್ಲಿ ತಿಳಿಯುತ್ತಿದ್ದರು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಹೋಯಿತು. ಪಾತಿದೋಣಿ ಬಡವರ ಮೀನುಗಾರಿಕೆಯಾಗಿ ಉಳಿಯಿತು. ನನ್ನ ಶನಿವಾರಕ್ಕೂ ಅವರ ದಿನಕ್ಕೂ ಇರುವ ಅಂತರವನ್ನು ನಾನು ಮರೆಯುವುದಿಲ್ಲ. ಗಾಳಿ ಕೆಟ್ಟರೆ ನಾನು ಮನೆಯಲ್ಲಿ ಉಳಿಯುತ್ತೇನೆ, ಸಂಬಳ ಬರುತ್ತದೆ. ಅವರಿಗೆ ಕಡಲು ಕೆಟ್ಟ ದಿನ ಒಲೆಯ ಮೇಲೂ ಏನೂ ಇರುವುದಿಲ್ಲ. ಹಾಗಿದ್ದೂ ಹೋಗದೆ ಕೂರುವ ತೀರ್ಮಾನವನ್ನು ಎಷ್ಟೋ ಬಾರಿ ಅವರು ಮಾಡುತ್ತಾರಲ್ಲ, ಅದರ ಬೆಲೆ ನನಗೆ ಗೊತ್ತಾಗಿದ್ದು ನಾನೇ ಹುಟ್ಟು ಹಿಡಿದ ಮೇಲೆ.

ಈಗ ಗೋಕರ್ಣ, ಹೊನ್ನಾವರ, ಮುರ್ಡೇಶ್ವರದ ಕಡೆ ಕಯಾಕ್‌ಗಳು ಬಂದಿವೆ. ಅದರಲ್ಲಿ ಗಾಳ ಹಾಕಬೇಕೆಂದು ಬೆಂಗಳೂರಿನ ಗೆಳೆಯರು ನನ್ನನ್ನು ಕೇಳುತ್ತಾರೆ, ಯಾವ ಕಂಪನಿಯದ್ದು ಕೊಳ್ಳಲಿ, ಎಷ್ಟು ಉದ್ದದ್ದು ಬೇಕು ಎಂದು. ಲಾ ಹೋಯಾದ ಗಾಳಿ ಬಲ್ಲವನಿಗೆ ಹೊನ್ನಾವರದ ಅಳಿವೆ ಗೊತ್ತಿರುವುದಿಲ್ಲ. ಜೂನ್, ಜುಲೈನ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಹುಟ್ಟು ಹಾಕುವ ದೋಣಿಗೆ ಆ ಕಾನೂನು ತಗಲುವುದಿಲ್ಲವೆಂದು ಮಳೆಗಾಲದ ಕಡಲಿಗೆ ಕಯಾಕ್ ಇಳಿಸುವ ಯೋಚನೆಯನ್ನೂ ಮಾಡಬೇಡಿ. ಮಳೆ ಹೋಗಿ, ಕಡಲು ಇಳಿದ ಮೇಲೆ ಊರಿಗೆ ಹೋಗಿ. ಅಲ್ಲಿ ಪಾತಿದೋಣಿಯಲ್ಲಿ ಹೋಗುವ ಖಾರ್ವಿಯವರೋ ಹರಿಕಂತ್ರರೋ ಅಂಬಿಗರೋ ಇದ್ದಾರೆ. ಯಾವ ಹೊತ್ತಿಗೆ ಇಳಿತ ಶುರುವಾಗಿ ಅಳಿವೆ ಹೊರಕ್ಕೆ ಎಳೆಯುತ್ತದೆ, ಎಲ್ಲಿ ಮರಳದಿಬ್ಬ ಸರಿದಿದೆ, ಯಾವ ಕಡೆ ಮೋಡ ಕಟ್ಟಿದರೆ ತಿರುಗಬೇಕು ಎಂದು ಅವರನ್ನು ಕೇಳಿ. ಮೊದಲ ಕೆಲವು ಸಲ ಅವರ ದೋಣಿಯ ಹಿಂದೆಯೇ ಹೋಗಿ, ಅವರು ತಿರುಗಿದಾಗ ತಿರುಗಿ. ಆ ದಿನದ ಅವರ ದುಡಿಮೆಯ ಹಣವನ್ನು ಹೊರಡುವ ಮೊದಲೇ ಅವರ ಕೈಗೆ ಕೊಡಿ.